ಹೇಂಟೆಗೆ ಹದಿನಾರು ವಾರ: ಮೊಟ್ಟೆಗಾಗಿ ಕೋಳಿ ಕೊಳ್ಳುವವರು ನೋಡಬೇಕಾದದ್ದು

ಕೆಲವು ವರ್ಷಗಳ ಹಿಂದೆ ನಮ್ಮ ವಾರದ ಸಂತೆಯಲ್ಲಿ ಆರು ಬಿಳಿ ಕೋಳಿಗಳನ್ನು ಕೊಂಡು ತಂದೆ. "ಈಗ ತಾನೇ ಮೊಟ್ಟೆಗೆ ಬಂದಿವೆ, ಇನ್ನು ವರ್ಷವಿಡೀ ಚಿಂತೆಯಿಲ್ಲ" ಎಂದು ಮಾರುವವನು ಹೇಳಿದ. ಜುಟ್ಟು ದೊಡ್ಡದಾಗಿ ಕೆಂಪಗಿತ್ತು, ಬೆಲೆ ಕಡಿಮೆಯಿತ್ತು, ನಂಬಿದೆ. ಮೊದಲ ವಾರ ಆರೂ ಸೇರಿ ಒಂಬತ್ತು ಮೊಟ್ಟೆ ಇಟ್ಟವು, ಎರಡನೆಯ ವಾರ ಎರಡು. ಮೂರನೆಯ ವಾರ ಗೂಡಿನ ತುಂಬ ಪುಕ್ಕ ಉದುರತೊಡಗಿತು, ಮೊಟ್ಟೆ ನಿಂತೇ ಹೋಯಿತು.

ಪಕ್ಕದ ಮನೆಯ ದೊಡ್ಡಮ್ಮ ಬಂದು ಒಂದು ಕೋಳಿಯನ್ನು ಹಿಡಿದು, ತಲೆ ಹಿಂದಕ್ಕೆ ಬರುವಂತೆ ಎಡ ಕಂಕುಳಲ್ಲಿ ಒತ್ತಿಕೊಂಡರು. ಬಾಲವನ್ನು ಮೇಲಕ್ಕೆತ್ತಿ, ಮೊಟ್ಟೆ ಬರುವ ದ್ವಾರದ ಕೆಳಗೆ ಎರಡು ಕಡೆಯೂ ಚೂಪಾಗಿ ಚಾಚಿಕೊಂಡಿರುವ ಎಲುಬುಗಳ ನಡುವೆ ಬೆರಳಿಟ್ಟು ನೋಡಿದರು. "ಒಂದು ಬೆರಳೂ ಸಲೀಸಾಗಿ ಹಿಡಿಯುತ್ತಿಲ್ಲ ಮಗ. ಕಾಲು ನೋಡು, ಹೇಗೆ ಬಿಳಿಚಿಕೊಂಡಿದೆ. ಇದು ಎಲ್ಲೋ ಫಾರಂನಲ್ಲಿ ಮೊಟ್ಟೆ ಇಟ್ಟು ಮುಗಿಸಿದ ಕೋಳಿ" ಎಂದರು. ಅಂದು ಅವರ ಬೆರಳುಗಳು ಹೇಳಿದ್ದನ್ನು ಸಂತೆಯಲ್ಲಿ ನನ್ನ ಕಣ್ಣು ಕಾಣದೆ ಹೋಗಿತ್ತು. ಅಂದಿನಿಂದ ನಾನು ಜಾತಿಗಿಂತ, ಬಣ್ಣಕ್ಕಿಂತ, ಬೆಲೆಗಿಂತ ಮೊದಲು ನೋಡುವುದು ವಯಸ್ಸನ್ನು. ಮಾರುವವರು ಹೇಳುವ ವಯಸ್ಸನ್ನಲ್ಲ, ಕೋಳಿಯ ಮೈ ಹೇಳುವ ವಯಸ್ಸನ್ನು.

ಹಿತ್ತಲಿನಲ್ಲಿ ಐದರಿಂದ ಐವತ್ತು ಕೋಳಿ ಸಾಕಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾವಿರಗಟ್ಟಲೆ ಸಾಕುವವರ ಲೆಕ್ಕಾಚಾರವೇ ಬೇರೆ.

ಹಂತ 1: ಯಾವ ಕೋಳಿ ಎಷ್ಟು ದಿನಕ್ಕೆ ಮೊಟ್ಟೆಗೆ ಬರುತ್ತದೆ ಎಂದು ತಿಳಿದುಕೊಳ್ಳಿ

"ಸರಿಯಾದ ವಯಸ್ಸು" ಎಲ್ಲ ಕೋಳಿಗೂ ಒಂದೇ ಅಲ್ಲ. ಬಿಳಿ ಲೆಗ್‌ಹಾರ್ನ್ ತಳಿಯಿಂದ ಬಂದ, ಬಿವಿ-300ರಂಥ ಫಾರಂ ಕೋಳಿ 18ರಿಂದ 20 ವಾರಕ್ಕೆ ಮೊದಲ ಮೊಟ್ಟೆ ಇಡುತ್ತದೆ. 26ರಿಂದ 30ನೆಯ ವಾರದ ಹೊತ್ತಿಗೆ ನೂರು ಕೋಳಿಗೆ ದಿನಕ್ಕೆ ತೊಂಬತ್ತಕ್ಕೂ ಹೆಚ್ಚು ಮೊಟ್ಟೆ ಸಿಗುತ್ತದೆ, ವರ್ಷಕ್ಕೆ ಒಂದೊಂದು ಕೋಳಿಯೂ ಮುನ್ನೂರರ ಆಸುಪಾಸು ಇಡುತ್ತದೆ. ಆದರೆ ಅದಕ್ಕೆ ತೂಕ ಮಾಡಿ ಹಾಕಿದ ಆಹಾರ ಬೇಕು. ಕೆದಕಿ ತಿಂದು ಬದುಕು ಎಂದು ಅಂಗಳಕ್ಕೆ ಬಿಟ್ಟರೆ ಸೊರಗುತ್ತದೆ.

ಹಿತ್ತಲಿಗೆ ಒಗ್ಗುವುದು ಗಿರಿರಾಜ, ಸ್ವರ್ಣಧಾರಾ, ಕಾವೇರಿ, ಗ್ರಾಮಪ್ರಿಯದಂಥ ಸುಧಾರಿತ ತಳಿಗಳು. ಗಿರಿರಾಜ ಮತ್ತು ಸ್ವರ್ಣಧಾರಾ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡವು. ಕಾವೇರಿ ಹೆಸರಘಟ್ಟದ ಕೇಂದ್ರೀಯ ಕೋಳಿ ಸಾಕಣೆ ಸಂಸ್ಥೆಯದು, ಗ್ರಾಮಪ್ರಿಯ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ್ದು. ಇವು ಮೊಟ್ಟೆಗೆ ಬರುವುದು ಐದೂವರೆ ಆರು ತಿಂಗಳಿಗೆ. ಗಿರಿರಾಜ ವರ್ಷಕ್ಕೆ 140-150 ಮೊಟ್ಟೆ ಕೊಟ್ಟರೆ, ಸ್ವರ್ಣಧಾರಾ 180-190 ಕೊಡುತ್ತದೆ. ಮಾಂಸವೂ ಬೇಕು ಎನ್ನುವವರು ಗಿರಿರಾಜ ಸಾಕಲಿ, ಮೊಟ್ಟೆಯೇ ಮುಖ್ಯ ಎನ್ನುವವರಿಗೆ ನನ್ನ ಸಲಹೆ ಸ್ವರ್ಣಧಾರಾ.

ನಾಟಿ ಕೋಳಿ, ಉತ್ತರ ಕರ್ನಾಟಕದವರ ಜವಾರಿ ಕೋಳಿ, ಆರೇಳು ತಿಂಗಳಿಗೆ ಮೊಟ್ಟೆಗೆ ಬರುತ್ತದೆ. ಹತ್ತು ಹದಿನೈದು ಇಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ ಐವತ್ತರಿಂದ ಎಂಬತ್ತು ಸಿಕ್ಕರೆ ಹೆಚ್ಚು. ಅದನ್ನು ಆರಿಸುವ ಬಗೆಯೇ ಬೇರೆ, ಮುಂದೆ ಹೇಳುತ್ತೇನೆ.

ಹಂತ 2: ಯಾವ ವಯಸ್ಸಿನಲ್ಲಿ ಕೊಳ್ಳಬೇಕು ಎಂದು ತೀರ್ಮಾನಿಸಿ

ಒಂದು ದಿನದ ಮರಿ ಅಗ್ಗ. ಆದರೆ ಮೊದಲ ವಾರ ಬ್ರೂಡರಿನ (ಮರಿಗಳಿಗೆ ಬಿಸಿ ಕೊಡುವ ಸಾಧನದ) ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋದರೆ ಬೆಳಗ್ಗೆ ಮರಿಗಳು ಒಂದರ ಮೇಲೊಂದು ಬಿದ್ದು ಸತ್ತಿರುತ್ತವೆ. ಲಿಂಗ ಬೇರ್ಪಡಿಸದೆ ಮಾರುವ ಮರಿಗಳಲ್ಲಿ ಸರಿಸುಮಾರು ಅರ್ಧ ಹುಂಜಗಳೇ ಎನ್ನುವುದನ್ನೂ ಮರೆಯಬೇಡಿ. ಹತ್ತು ಹೇಂಟೆ ಬೇಕಾದವರು ಇಪ್ಪತ್ತು ಮರಿ ತಂದು ಐದು ತಿಂಗಳು ಮೇವು ಹಾಕಬೇಕಾಗುತ್ತದೆ. ಮೊದಲ ಸಲ ಸಾಕುವವರಿಗೆ ಇದು ಬೇಡ.

ಆರರಿಂದ ಎಂಟು ವಾರದ ಮರಿ ಒಳ್ಳೆಯ ನಡುದಾರಿ. ಬಿಸಿಯ ಕಾಲ ಮುಗಿದಿರುತ್ತದೆ, ಮೊದಲ ಲಸಿಕೆಗಳು ಆಗಿರುತ್ತವೆ. ಮೊಟ್ಟೆಗೆ ಇನ್ನೂ ಮೂರು ನಾಲ್ಕು ತಿಂಗಳು ಕಾಯುವ ತಾಳ್ಮೆ ಬೇಕು, ಅಷ್ಟೇ. ಅಂಗಳದಲ್ಲಿ ಓಡಾಡಿ ಬೆಳೆದ ಕೋಳಿ ನಾಯಿಗೂ ಮುಂಗುಸಿಗೂ ಎಚ್ಚರದಿಂದಿರುವುದನ್ನು ಕಲಿಯುತ್ತದೆ. ಬಿಡುಬೀಸಾಗಿ ಸಾಕುವವರಿಗೆ ಇದರಿಂದ ಅನುಕೂಲವೇ.

ಆದರೆ "ಯಾವುದಾದರೂ ಒಂದು ವಯಸ್ಸು ಹೇಳಿ" ಎಂದು ಕೇಳುವವರಿಗೆ ನಾನು ಹೇಳುವುದು 16 ವಾರ. ಹದಿನಾಲ್ಕು ಆದರೂ ಸರಿ, ಹದಿನೆಂಟು ದಾಟದಿರಲಿ. ಗಿರಿರಾಜ, ಸ್ವರ್ಣಧಾರಾ ನಿಧಾನವಾಗಿ ಮೊಟ್ಟೆಗೆ ಬರುವುದರಿಂದ ಅವುಗಳಿಗೆ ಇನ್ನೆರಡು ಮೂರು ವಾರ ಸೇರಿಸಿಕೊಳ್ಳಬಹುದು.

ಜಾಗ ಬದಲಾಯಿಸಿದ ಕೋಳಿ ಬೆದರುತ್ತದೆ. ಹೊಸ ಗೂಡು, ಹೊಸ ನೀರು, ಹೊಸ ಕೈ ಎಲ್ಲಕ್ಕೂ ಒಗ್ಗಿಕೊಳ್ಳಲು ಅದಕ್ಕೆ ಎರಡು ಮೂರು ವಾರ ಬೇಕು. ಮೊಟ್ಟೆ ಇಡುತ್ತಿರುವ ಕೋಳಿಯನ್ನು ತಂದರೆ ಆ ಹೆದರಿಕೆಗೆ ಮೊಟ್ಟೆ ನಿಲ್ಲಿಸುತ್ತದೆ, ಕೆಲವು ಪುಕ್ಕವನ್ನೂ ಉದುರಿಸಿ ಎರಡು ತಿಂಗಳು ಸುಮ್ಮನಾಗುತ್ತವೆ. ಮೊಟ್ಟೆ ಶುರುವಾಗುವ ಮೊದಲೇ ತಂದರೆ ಒಗ್ಗಿಕೊಳ್ಳುವ ದಿನಗಳು ಹೇಗೂ ಮೊಟ್ಟೆಯಿಲ್ಲದ ದಿನಗಳೇ, ನಷ್ಟವಿಲ್ಲ.

ಮೈಯೊಳಗೂ ಆ ಹೊತ್ತಿನಲ್ಲಿ ಒಂದು ಕೆಲಸ ನಡೆದಿರುತ್ತದೆ. ಮೊದಲ ಮೊಟ್ಟೆಗೆ ಎರಡು ವಾರ ಮುಂಚಿನಿಂದ ಹೇಂಟೆ ತನ್ನ ಎಲುಬಿನೊಳಗೆ ಸುಣ್ಣದಂಶವನ್ನು ಕೂಡಿಡತೊಡಗುತ್ತದೆ, ಮುಂದೆ ಚಿಪ್ಪು ಕಟ್ಟಲು ಅದೇ ಬಂಡವಾಳ. ಆ ಎರಡು ವಾರ ಅದು ನಿಮ್ಮ ಗೂಡಿನಲ್ಲಿ, ನಿಮ್ಮ ಆಹಾರ ತಿನ್ನುತ್ತಿರಬೇಕು. ಮಾರುವವರು ಯಾವ ಮೇವು ಹಾಕಿದ್ದರೋ ಯಾರಿಗೆ ಗೊತ್ತು.

ವರ್ಷ ದಾಟಿದ ಫಾರಂ ಕೋಳಿಯನ್ನು ಮೊಟ್ಟೆಗಾಗಿ ಕೊಳ್ಳಲೇಬೇಡಿ. ಫಾರಂಗಳು 72ರಿಂದ 80 ವಾರದ ಹೊತ್ತಿಗೆ ಇಡೀ ತಂಡವನ್ನು ಮಾಂಸಕ್ಕೆ ಮಾರಿಬಿಡುತ್ತವೆ. ಹಾಗೆ ಹೊರಬಿದ್ದ ಕೋಳಿಗಳಲ್ಲಿ ಕೆಲವು "ಮೊಟ್ಟೆ ಕೋಳಿ" ಎಂಬ ಹೆಸರಿನಲ್ಲಿ ಸಂತೆಗೂ, ಬೀದಿಗೆ ಬರುವ ಟೆಂಪೋಗೂ ಬರುತ್ತವೆ. ನನಗೆ ಸಿಕ್ಕಿದ್ದವು ಅವೇ.

ಹಂತ 3: ಕೋಳಿಯನ್ನು ಕೈಗೆತ್ತಿಕೊಂಡು ನೋಡಿ

ಪಂಜರದ ಹೊರಗೆ ನಿಂತು ಕೋಳಿ ಆರಿಸಬೇಡಿ. ಒಂದೊಂದನ್ನೂ ಹಿಡಿದು ನೋಡಲು ಬಿಡದವರಿಂದ ಕೊಳ್ಳದಿರುವುದೇ ಒಳ್ಳೆಯದು.

ಕಾಲಿನಿಂದ ಶುರುಮಾಡಿ. ಎಳೆಯ ಹೇಂಟೆಯ ಕಾಲಿನ ಹುರುಪೆಗಳು ನುಣುಪಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತವೆ, ಉಗುರು ಗಿಡ್ಡ. ವಯಸ್ಸಾದದ್ದರ ಹುರುಪೆ ಒರಟಾಗಿ ಎದ್ದಿರುತ್ತದೆ, ಪಂಜರದ ತಂತಿಯ ಮೇಲೆ ಬದುಕಿದ್ದರೆ ಉಗುರು ಉದ್ದವಾಗಿ ಸೊಟ್ಟಗಾಗಿರುತ್ತದೆ.

ಆಮೇಲೆ ಕಾಲಿನ ಬಣ್ಣ. ಬಿಳಿ ಲೆಗ್‌ಹಾರ್ನ್‌ನಂಥ ಹಳದಿ ಕಾಲಿನ ಕೋಳಿಗಳಿಗೆ ಇದಕ್ಕಿಂತ ನಿಜ ಹೇಳುವ ಸಾಕ್ಷಿ ಇನ್ನೊಂದಿಲ್ಲ. ಆಹಾರದಲ್ಲಿ ಬರುವ ಹಳದಿ ಬಣ್ಣ ಎಳೆಯ ಹೇಂಟೆಯ ಕಾಲು ಕೊಕ್ಕುಗಳಲ್ಲಿ ತುಂಬಿಕೊಳ್ಳುತ್ತದೆ. ಮೊಟ್ಟೆ ಶುರುವಾದ ಮೇಲೆ ಆ ಬಣ್ಣವೆಲ್ಲ ಭಂಡಾರಕ್ಕೆ, ಅಂದರೆ ಮೊಟ್ಟೆಯ ಹಳದಿಗೆ, ಹೋಗತೊಡಗಿ ಮೈಯಿಂದ ಒಂದು ಕ್ರಮದಲ್ಲಿ ಇಳಿಯುತ್ತದೆ. ಮೊದಲು ಮೊಟ್ಟೆ ಬರುವ ದ್ವಾರದ ಅಂಚು, ಬಳಿಕ ಕಣ್ಣಿನ ಸುತ್ತ, ಕಿವಿಯ ಹಾಲೆ, ಕೊಕ್ಕು, ಕಡೆಗೆ ಕಾಲು. ಕಾಲು ಪೂರ್ತಿ ಬಿಳಿಚಲು ನಾಲ್ಕರಿಂದ ಆರು ತಿಂಗಳು ಬಿಡದೆ ಮೊಟ್ಟೆ ಇಟ್ಟಿರಬೇಕು. ಆದ್ದರಿಂದ ಕಾಲು ಬಿಳಿಚಿರುವ ಕೋಳಿಯನ್ನು ತೋರಿಸಿ "ಐದು ತಿಂಗಳ ಹೇಂಟೆ" ಎಂದರೆ ಅದು ಸುಳ್ಳು. ನಿಮಗೆ ಬೇಕಾದ ಹದಿನಾರು ವಾರದ ಹೇಂಟೆಯ ಕಾಲು ಅರಿಶಿನದಷ್ಟು ಹಳದಿಯಿರಬೇಕು. ಗಿರಿರಾಜ, ನಾಟಿ ಕೋಳಿಗಳಲ್ಲಿ ಕಾಲಿನ ಬಣ್ಣ ಹುಟ್ಟಿನಿಂದಲೇ ನಾನಾ ಬಗೆ, ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಜುಟ್ಟಿನ ವಿಷಯದಲ್ಲಿ ನಾನು ಎಡವಿದ್ದೆ. ದೊಡ್ಡ ಕೆಂಪು ಜುಟ್ಟು ಕಂಡರೆ ಆರೋಗ್ಯವಂತ ಕೋಳಿ ಎಂದುಕೊಳ್ಳುತ್ತೇವೆ. ಆದರೆ ಹದಿನಾರು ವಾರದಲ್ಲಿ ಜುಟ್ಟು ಇನ್ನೂ ಚಿಕ್ಕದು, ತಿಳಿಗೆಂಪು ಬಣ್ಣದ್ದು. ಮೊಟ್ಟೆ ಹತ್ತಿರವಾದಂತೆ ಬೆಳೆದು ಕೆಂಪೇರುತ್ತದೆ. ಲೆಗ್‌ಹಾರ್ನ್‌ನಲ್ಲಿ ಜುಟ್ಟು ದೊಡ್ಡದಾಗಿ ಒಂದು ಪಕ್ಕಕ್ಕೆ ಜೋತುಬಿದ್ದಿದೆ ಎಂದರೆ ಅದು ಈಗಾಗಲೇ ಮೊಟ್ಟೆ ಕಂಡ ಕೋಳಿ. ಜೋತುಬಿದ್ದ ಜುಟ್ಟು, ಬಿಳಿಚಿದ ಕಾಲು, ಸವೆದ ಬಾಲ ಮೂರೂ ಒಂದೇ ಕೋಳಿಯಲ್ಲಿ ಕಂಡರೆ ಮುಂದಕ್ಕೆ ನಡೆಯಿರಿ.

ಕೊಕ್ಕಿನ ತುದಿ ಕತ್ತರಿಸಿದ್ದರೆ ಹೆದರಬೇಕಿಲ್ಲ. ಒಂದನ್ನೊಂದು ಕುಕ್ಕಬಾರದೆಂದು ಫಾರಂಗಳಲ್ಲಿ ಎಳೆಯದರಲ್ಲೇ ಹಾಗೆ ಮಾಡುತ್ತಾರೆ. ಅದರಿಂದ ಕೋಳಿ ಎಲ್ಲಿಯದು ಎಂದು ತಿಳಿಯುತ್ತದೆ, ವಯಸ್ಸು ತಿಳಿಯುವುದಿಲ್ಲ.

ಎದೆಯ ಮೂಳೆಯ ಹಿಂತುದಿಯನ್ನು ಮೆಲ್ಲನೆ ಒತ್ತಿ ನೋಡಿ. ಎಳೆಯದಾದರೆ ಕಿವಿಯ ಮೇಲ್ತುದಿಯಂತೆ ಬಾಗುತ್ತದೆ, ಬಲಿತದ್ದರಲ್ಲಿ ಕಲ್ಲಿನಂತೆ ಗಟ್ಟಿ. ಮೂಳೆಯ ಎರಡು ಬದಿಗೂ ಸ್ನಾಯು ತುಂಬಿರಬೇಕು. ಕತ್ತಿಯ ಅಲಗಿನಂತೆ ಕೈಗೆ ಚುಚ್ಚಿದರೆ ಕೋಳಿ ಸೊರಗಿದೆ.

ಇನ್ನು ದೊಡ್ಡಮ್ಮನ ಬೆರಳಿನ ಪರೀಕ್ಷೆ. ಸೊಂಟದ ಆ ಎರಡು ಎಲುಬುಗಳ ನಡುವೆ ಒಂದು ಬೆರಳು ಹಿಡಿದರೆ ಆ ಕೋಳಿ ಮೊಟ್ಟೆ ಇಡುತ್ತಿಲ್ಲ. ಎರಡು ಮೂರು ಬೆರಳು ಹಿಡಿದು, ಎಲುಬಿನ ತುದಿ ತೆಳ್ಳಗೆ ಬಾಗುವಂತಿದ್ದು, ದ್ವಾರ ಅಗಲವಾಗಿ ತೇವವಾಗಿದ್ದರೆ ಇಡುತ್ತಿದೆ. ಎದೆಮೂಳೆಯ ತುದಿಗೂ ಈ ಎಲುಬುಗಳಿಗೂ ನಡುವೆ ಮೂರು ನಾಲ್ಕು ಬೆರಳಿನ ಜಾಗ ಮೆತ್ತಗಿರಬೇಕು. ಈ ಅಳತೆಯನ್ನು ಒಂಟಿಯಾಗಿ ನಂಬಬೇಡಿ. ಹದಿನಾರು ವಾರದ ಹೇಂಟೆಗೂ ಒಂದೇ ಬೆರಳು, ಮೊಟ್ಟೆ ನಿಲ್ಲಿಸಿದ ಮುದಿ ಕೋಳಿಗೂ ಒಂದೇ ಬೆರಳು. ಒಂದು ಬೆರಳಿನ ಜೊತೆ ಹಳದಿ ಕಾಲು, ನುಣುಪು ಹುರುಪೆ, ಚಿಕ್ಕ ಜುಟ್ಟು ಇದ್ದರೆ ಎಳೆಯದು. ಒಂದು ಬೆರಳಿನ ಜೊತೆ ಒರಟು ಕಾಲು, ಉದುರುತ್ತಿರುವ ಪುಕ್ಕ ಇದ್ದರೆ ಮುಗಿದದ್ದು.

ಕೊನೆಗೆ ಕುತ್ತಿಗೆಯ ಗರಿ ನೋಡಿ. ತುದಿ ಚೂಪಾಗಿ ಹೊಳೆಯುತ್ತಿದ್ದರೆ ಹುಂಜ, ದುಂಡಗಿದ್ದರೆ ಹೇಂಟೆ. ಈ ವಯಸ್ಸಿನಲ್ಲಿ ಇದು ಸ್ಪಷ್ಟವಾಗಿಯೇ ಕಾಣುತ್ತದೆ. ಕಣ್ಣಲ್ಲಿ ನೊರೆ, ಮೂಗಿನಲ್ಲಿ ಸಿಂಬಳ, ಉಸಿರಾಟದಲ್ಲಿ ಗೊರಗೊರ ಸದ್ದು, ಹಿಂಭಾಗದಲ್ಲಿ ಅಂಟಿದ ಹಿಕ್ಕೆ ಕಂಡರೆ ಆ ಒಂದು ಕೋಳಿಯನ್ನಲ್ಲ, ಆ ಇಡೀ ಗುಂಪನ್ನೇ ಬಿಡಿ.

ನಾಟಿ ಕೋಳಿಯಾದರೆ

ನಾಟಿ ಹೇಂಟೆಯನ್ನು ಬರಿಯ ಮೊಟ್ಟೆಯ ಲೆಕ್ಕದಲ್ಲಿ ಕೊಂಡರೆ ನಿರಾಸೆಯಾಗುತ್ತದೆ. ಅದರ ನಿಜವಾದ ಬೆಲೆ ಇರುವುದು ಕಾವಿಗೆ ಕೂತು, 21 ದಿನಕ್ಕೆ ಮರಿ ಮಾಡಿ, ಹದ್ದಿನ ನೆರಳು ಕಂಡೊಡನೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುವ ತಾಯ್ತನದಲ್ಲಿ. ಆದ್ದರಿಂದ ಇಲ್ಲಿ ಮಾತ್ರ ನನ್ನ ಹದಿನಾರು ವಾರದ ಮಾತನ್ನು ಬದಿಗಿಡುತ್ತೇನೆ. ಒಂದು ಸಲ ಮರಿ ಮಾಡಿ ಬೆಳೆಸಿದ, ಒಂದು ವರ್ಷದ ಆಸುಪಾಸಿನ ಹೇಂಟೆಯನ್ನು ಗುರುತಿನವರ ಮನೆಯಿಂದ ತನ್ನಿ. ಗಿರಿರಾಜದಂಥ ತಳಿಗಳು ಕಾವಿಗೆ ಕೂರುವುದು ತೀರಾ ಅಪರೂಪ. ಅವುಗಳ ಮೊಟ್ಟೆಗೂ ಈ ನಾಟಿ ತಾಯಿಯೇ ಕಾವು ಕೊಡಬಲ್ಲಳು.

ಹಂತ 4: ಮಾರುವವರನ್ನು ಕೇಳಿ

ಮರಿ ಒಡೆದ ತಾರೀಖು ಯಾವುದು? ಅಂದಾಜು ಬೇಡ, ತಾರೀಖು ಬೇಕು. ಒಳ್ಳೆಯ ಸಾಕಣೆದಾರರು ಅದನ್ನು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ.

ಲಸಿಕೆಗಳು ಯಾವುವು ಆಗಿವೆ? ಆಗಿರಬೇಕಾದವು ಇವು: ಮೊದಲ ದಿನ ಮರೆಕ್ಸ್, ಮೊದಲ ವಾರ ಲಸೋಟಾ, ಎರಡನೆಯ ವಾರ ಗಂಬೋರೊ, ನಾಲ್ಕನೆಯ ವಾರ ಮತ್ತೆ ಲಸೋಟಾ, ಆರೇಳು ವಾರಕ್ಕೆ ಸಿಡುಬಿನದು, ಎಂಟರಿಂದ ಹತ್ತು ವಾರದೊಳಗೆ ಆರ್‌-2-ಬಿ. ಈ ಕೊನೆಯದು ಕೊಕ್ಕರೆ ರೋಗ (ರಾಣಿಖೇತ್) ತಡೆಯುವ ಚುಚ್ಚುಮದ್ದು. ಕೊಕ್ಕರೆ ರೋಗ ಹೊಕ್ಕ ಹಿತ್ತಲಿನಲ್ಲಿ ಬೆಳಗಾಗುವುದರೊಳಗೆ ಗೂಡು ಬರಿದಾಗಿರುವುದನ್ನು ಹಳ್ಳಿಯ ಪ್ರತಿ ಮನೆಯೂ ಕಂಡಿದೆ. ಆರ್‌-2-ಬಿ ಆಗಿಲ್ಲವೆಂದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಕೋಳಿಗಳು ಸುಧಾರಿಸಿಕೊಂಡ ಮೇಲೆ ಹಾಕಿಸಿ.

ಈಗ ಯಾವ ಆಹಾರ ಹಾಕುತ್ತಿದ್ದೀರಿ? ಉತ್ತರ "ಗ್ರೋಯರ್", ಅಂದರೆ ಬೆಳೆಯುವ ಕೋಳಿಯ ಆಹಾರ, ಎಂದಿರಬೇಕು. ಅದೇ ಆಹಾರವನ್ನು ನಾಲ್ಕೈದು ಕಿಲೋ ಕೇಳಿ ತನ್ನಿ, ಮೇವು ಒಮ್ಮೆಗೇ ಬದಲಾದರೆ ಹೊಟ್ಟೆ ಕೆಡುತ್ತದೆ.

ಎಲ್ಲ ಕೋಳಿಗಳನ್ನೂ ಒಂದೇ ಕಡೆಯಿಂದ, ಒಂದೇ ವಯಸ್ಸಿನವನ್ನಾಗಿ ಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಹೆಸರಘಟ್ಟದ ಕೇಂದ್ರ, ಪಶುಸಂಗೋಪನಾ ಇಲಾಖೆಯ ಕೋಳಿ ಸಾಕಣೆ ಕೇಂದ್ರಗಳು ನಂಬಬಹುದಾದ ಜಾಗಗಳು. ಅಲ್ಲಿ ಹೆಚ್ಚಾಗಿ ಸಿಗುವುದು ಮರಿಗಳು, ಮೊದಲೇ ಹೆಸರು ಬರೆಸಬೇಕಾಗಬಹುದು. ಬೆಳೆದ ಹೇಂಟೆ ಬೇಕೆಂದರೆ ಅಲ್ಲಿಂದ ಮರಿ ತಂದು ಬೆಳೆಸಿ ಮಾರುವ ಸಾಕಣೆದಾರರನ್ನು ಹುಡುಕಿ.

ಹಂತ 5: ಮನೆಗೆ ತಂದ ಮೇಲಿನ ಒಂದು ತಿಂಗಳು

ಸಂಜೆ ತಂಪಾದ ಮೇಲೆ ಸಾಗಿಸಿ. ಗಾಳಿಯಾಡುವ ಬಿದಿರಿನ ಬುಟ್ಟಿ ಸಾಕು. ಕಾಲು ಕಟ್ಟಿ ಬೈಕಿಗೆ ತಲೆಕೆಳಗಾಗಿ ನೇತುಹಾಕಿ ತರುವ ಪದ್ಧತಿ ಕ್ರೂರ, ಎಳೆ ಹೇಂಟೆಯ ಸೊಂಟಕ್ಕೂ ಕೇಡು. ಕತ್ತಲಲ್ಲಿ ಗೂಡಿಗೆ ಬಿಟ್ಟರೆ ಬೆಳಗ್ಗೆ ಅದನ್ನೇ ಮನೆಯೆಂದುಕೊಂಡು ಏಳುತ್ತವೆ. ಮೊದಲು ನೀರು ಕೊಡಿ, ಬೆಲ್ಲ ಕದಡಿದ ನೀರಾದರೆ ದಣಿವು ಬೇಗ ಆರುತ್ತದೆ. ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಹೊಸದನ್ನು ಮೂರು ವಾರ ಬೇರೆಯಾಗಿಡಿ. ಹಳೆಯವಕ್ಕೆ ಮೇವು ಹಾಕಿ ಮುಗಿಸಿದ ಮೇಲೆ ಹೊಸವುಗಳ ಬಳಿ ಹೋಗಿ, ಹಿಂದುಮುಂದು ಮಾಡಬೇಡಿ.

ಲೇಯರ್ ಆಹಾರಕ್ಕೆ, ಅಂದರೆ ಮೊಟ್ಟೆ ಇಡುವ ಕೋಳಿಯ ಆಹಾರಕ್ಕೆ, ಅವಸರ ಬೇಡ. ಅದರಲ್ಲಿ ಸುಣ್ಣದಂಶ ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟಿರುತ್ತದೆ. ಇನ್ನೂ ಮೊಟ್ಟೆ ಇಡದ ಎಳೆ ಹೇಂಟೆಗೆ ವಾರಗಟ್ಟಲೆ ಅದನ್ನೇ ತಿನ್ನಿಸಿದರೆ ಮೂತ್ರಪಿಂಡ ಹಾಳಾಗುತ್ತದೆ. ಜುಟ್ಟು ಕೆಂಪೇರುವವರೆಗೆ ಗ್ರೋಯರ್ ಸಾಕು, ಆಮೇಲೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಲೇಯರ್‌ಗೆ ಬದಲಾಯಿಸಿ. ಒಂದು ಮೂಲೆಯಲ್ಲಿ ಕಪ್ಪೆಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡಿ, ಬೇಕಾದದ್ದು ತಾನೇ ಬಂದು ಹೆಕ್ಕುತ್ತದೆ.

ಮೊಟ್ಟೆಗೆ ಬೆಳಕೂ ಬೇಕು. ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು ಹನ್ನೊಂದೂಕಾಲು ಗಂಟೆಯಿಂದ ಹನ್ನೊಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಮೊಟ್ಟೆ ಇಡುವ ಕೋಳಿಗೆ ಹದಿನಾಲ್ಕು ಗಂಟೆಯಾದರೂ ಬೇಕು. ಬೆಳಗಿನ ಜಾವ ಗೂಡಿನಲ್ಲಿ ಒಂದು ಚಿಕ್ಕ ಬಲ್ಬು ಉರಿಸಿ ಆ ಕೊರತೆ ತುಂಬಬಹುದು. ಆದರೆ 17-18 ವಾರದ ಒಳಗೆ ಹೀಗೆ ಮಾಡಬೇಡಿ. ಮೈ ಬೆಳೆಯುವ ಮೊದಲೇ ಮೊಟ್ಟೆ ಶುರುವಾದರೆ ಸಣ್ಣ ಮೊಟ್ಟೆಯೇ ಗತಿಯಾಗುತ್ತದೆ, ಕೆಲವಕ್ಕೆ ಮೊಟ್ಟೆ ಬರುವ ನಾಳವೇ ಹೊರಬಂದು ಸಾಯುವುದೂ ಉಂಟು.

ಮೊದಲ ಮೊಟ್ಟೆ ಹತ್ತಿರವಾಯಿತು ಎಂದು ಹೇಂಟೆಯೇ ತಿಳಿಸುತ್ತದೆ. ನೀವು ಬಳಿ ಹೋದಾಗ ಓಡುವ ಬದಲು ರೆಕ್ಕೆ ಸ್ವಲ್ಪ ಬಿಚ್ಚಿ, ಬೆನ್ನು ತಗ್ಗಿಸಿ ಕುಕ್ಕುರುಗೂರುತ್ತದೆ. ಮೂಲೆ ಮೂಲೆ ಹುಡುಕುತ್ತ, ಹುಲ್ಲು ಎತ್ತಿ ಬೆನ್ನ ಮೇಲೆ ಎಸೆದುಕೊಳ್ಳುತ್ತದೆ. ಆಗ ಬೆರಳಿಟ್ಟು ನೋಡಿದರೆ ಒಂದಿದ್ದ ಜಾಗ ಎರಡಾಗಿರುತ್ತದೆ. ನಾಲ್ಕೈದು ಹೇಂಟೆಗೆ ಒಂದರಂತೆ, ಒಣಹುಲ್ಲು ಹಾಕಿದ ಪೆಟ್ಟಿಗೆ ಕತ್ತಲು ಮೂಲೆಯಲ್ಲಿ ಅಷ್ಟರೊಳಗೆ ಸಿದ್ಧವಿರಲಿ. ಮೊದಮೊದಲ ಮೊಟ್ಟೆಗಳು ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡವಿರಬಹುದು, ತೊಗಲಿನಂಥ ಚಿಪ್ಪಿನವೂ ಬರಬಹುದು. ಗಾಬರಿ ಬೇಡ, ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಹಂತ 6: ಎಷ್ಟು ಕಾಲ ಇಟ್ಟುಕೊಳ್ಳಬೇಕು

ಫಾರಂ ತಳಿಯ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ, ಮೊಟ್ಟೆ ಇಡದ ದಿನವೂ ಮೇವು ಬೇಕೇ ಬೇಕು. ಹತ್ತು ಕೋಳಿ ಒಂಬತ್ತು ಮೊಟ್ಟೆ ಇಟ್ಟ ದಿನ ಒಂದು ಮೊಟ್ಟೆಗೆ 122 ಗ್ರಾಂ ಆಹಾರ ಬಿತ್ತು. ಆರು ಇಟ್ಟರೆ 183 ಗ್ರಾಂ, ನಾಲ್ಕೇ ಇಟ್ಟರೆ 275 ಗ್ರಾಂ. ನಿಮ್ಮ ಊರಿನ ಆಹಾರದ ಬೆಲೆಯನ್ನು ಇದಕ್ಕೆ ಹಾಕಿ ನೋಡಿ, ಅಂಗಡಿಯ ಮೊಟ್ಟೆಗಿಂತ ನಿಮ್ಮದು ಯಾವಾಗ ದುಬಾರಿಯಾಗುತ್ತದೆ ಎಂದು ಗೊತ್ತಾಗುತ್ತದೆ. ಗೂಡಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ತೂಗುಹಾಕಿ ದಿನದ ಮೊಟ್ಟೆ ಬರೆಯುವುದಷ್ಟೇ ಇದಕ್ಕೆ ಬೇಕಾದ ಕೆಲಸ.

ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಕೋಳಿ ಪುಕ್ಕ ಬದಲಿಸುತ್ತದೆ. ಯಾವುದು ಮೊದಲು ಉದುರಿಸುತ್ತದೆ, ಯಾವುದು ಕೊನೆಗೆ ಎಂದು ಗಮನಿಸಿ. ತಡವಾಗಿ ಶುರುಮಾಡಿ ಬೇಗ ಮುಗಿಸುವ ಹೇಂಟೆ ಒಳ್ಳೆಯ ಮೊಟ್ಟೆಗಾರ್ತಿ, ಅದನ್ನು ಎರಡನೆಯ ವರ್ಷಕ್ಕೂ ಇಟ್ಟುಕೊಳ್ಳಿ. ಬೇಗ ಉದುರಿಸಿ ತಿಂಗಳುಗಟ್ಟಲೆ ಬೋಳಾಗಿ ಓಡಾಡುವುದನ್ನು ಕಳಿಸಿಬಿಡಿ. ಎರಡನೆಯ ವರ್ಷದ ಮೊಟ್ಟೆ ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡದು.

ಎಲ್ಲವನ್ನೂ ಒಂದೇ ಸಲ ಬದಲಾಯಿಸಿದರೆ ಮನೆಯಲ್ಲಿ ತಿಂಗಳುಗಟ್ಟಲೆ ಮೊಟ್ಟೆಯಿರುವುದಿಲ್ಲ. ಹತ್ತು ಕೋಳಿ ಬೇಕಾದವರು ಈ ವರ್ಷ ಐದು, ಮುಂದಿನ ವರ್ಷ ಐದು ತನ್ನಿ. ತಂದ ದಿನವೇ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ, ಈ ವರ್ಷದ್ದಕ್ಕೆ ನೀಲಿ, ಮುಂದಿನ ವರ್ಷದ್ದಕ್ಕೆ ಕೆಂಪು. ಯಾವ ಬಣ್ಣ ಯಾವ ತಿಂಗಳಲ್ಲಿ ಮರಿ ಒಡೆದದ್ದು ಎಂದು ಅದೇ ಕ್ಯಾಲೆಂಡರಿನ ಹಿಂದೆ ಬರೆದಿಡಿ.